ಶನಿವಾರದ ಗಾಣದ ಮರಿಯಮಬಿ ಹಿಡಿದ ಉಪವಾಸ

ಹಸ್ಸಾಜಿ ಪೇಣಕರ ಕೊಂಕಣ ಸೀಮೆಯ ಪೇಣ ಎಂಬ ಊರಿನವನು. ಕಂಪನಿ ಸರಕಾರದ ದಂಡು ಧಾರವಾಡದ ಕಡೆಗೆ ಬಂದಾಗ ಅದರ ಭಾರ ಹೊರುವ ಎತ್ತುಗಳನ್ನು ನೋಡಿಕೊಳ್ಳುವ ಚಾಕರಿ ಹಿಡಿದು ಘಟ್ಟ ಹತ್ತಿದ. ಶಿಗ್ಗಾಂವದ ಹೊರಗೆ ಒಂದು ಎತ್ತು ಕಾಲು ಮುರಿದುಕೊಂಡು ಬಿತ್ತು. ಬಿಟ್ಟು ನಡೆಯಿರಿ ಎಂದು ಮೇಲಿನವರ ಹುಕುಂ ಆಯಿತು. ದಂಡು ನಡೆಯಿತು, ಹಸ್ಸಾಜಿ ನಡೆಯಲಿಲ್ಲ. ಬಿದಿರು ಕಟ್ಟಿ, ಸೊಪ್ಪು ಅರೆದು ಹಚ್ಚಿ ಆ ಎತ್ತಿನ ಕಾಲು ಕೂಡಿಸಿದ. ಮುಂದೆ ಅದೇ ಎತ್ತನ್ನು ಕಟ್ಟಿ ಗಾಣ ಹೂಡಿದ.

ಅವನ ಮಗ ಮುಸಾಜಿ. ದೊಡ್ಡ ಬರ ಬಿದ್ದ ವರ್ಷ ಸವಣೂರಿನಿಂದಲೂ ಹಾನಗಲ್ಲಿನಿಂದಲೂ ಜನ ಹೊಟ್ಟೆ ಹಿಡಿದುಕೊಂಡು ದಾರಿಗುಂಟ ಬರುತ್ತಿದ್ದಾಗ, ಮನೆಯಲ್ಲಿದ್ದ ಎಳ್ಳಿನ ಹಿಂಡಿಯನ್ನೆಲ್ಲ ನೆನೆಹಾಕಿ, ಜೋಳದ ನುಚ್ಚಿನಲ್ಲಿ ಕಲಸಿ ಬಡಿಸಿದವನು ಅವನು. ದನದ ಮೇವನ್ನು ಮಂದಿಗೆ ಹಾಕುತ್ತಾನೆ ಎಂದು ಆಡಿಕೊಂಡವರೂ ಆಮೇಲೆ ಅದೇ ಸಾಲಿನಲ್ಲಿ ಕೂತು ಉಂಡರಂತೆ. ಮುಸಾಜಿಯ ಮಗ ಎಲೋಜಿ. ಪ್ಲೇಗು ಬಂದು ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಓಡಿದಾಗ ಹಿಂದೆ ಉಳಿದ ಹೆಣಗಳನ್ನು ಗಾಣದ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಹೋಗಿ, ಅವರವರ ರೀತಿಯಂತೆ ಮಣ್ಣಿಗೋ ಬೆಂಕಿಗೋ ಒಪ್ಪಿಸಿದ.

ಎಲೋಜಿಯ ಮಗ ಇಸಾಕ ಅಂಥದ್ದೇನೂ ಮಾಡಲಿಲ್ಲ. ಹದವಾಗಿ ಎಣ್ಣೆ ತೆಗೆದ, ಅಳತೆಯಲ್ಲಿ ಮೋಸ ಮಾಡಲಿಲ್ಲ, ಪೇಣಕ್ಕೆ ಹೋಗಿ ಮರಿಯಮಬಾಯಿ ಎಂಬ ಹುಡುಗಿಯನ್ನು ಮದುವೆ ಮಾಡಿಕೊಂಡು ಬಂದ. ಈ ಕೊನೆಯದೇ ಅವನ ದೊಡ್ಡ ಕೆಲಸ ಎಂದು ಓಣಿಯವರ ಅಭಿಪ್ರಾಯವಾಗಿತ್ತು.

ಈ ಮನೆತನದವರು ಯಹೂದಿಗಳು. ತಮ್ಮನ್ನು ತಾವು ಬೆನೆ ಇಸ್ರಾಯೇಲರು ಎಂದುಕೊಳ್ಳುತ್ತಿದ್ದರು. ಎಂದೋ ಒಂದು ಕಾಲಕ್ಕೆ ಕೊಂಕಣದ ಕಡಲಲ್ಲಿ ಹಡಗು ಒಡೆದು, ಬದುಕಿ ದಂಡೆಗೆ ಬಿದ್ದ ಕೆಲವೇ ಗಂಡಹೆಂಡಿರಿಂದ ತಮ್ಮ ಕುಲ ಬೆಳೆಯಿತು ಎಂಬುದು ಅವರ ಮನೆಗಳ ಮಾತು. ಎಣ್ಣೆ ತೆಗೆಯುವುದು ಕಸಬು, ಶನಿವಾರ ಗಾಣ ನಿಲ್ಲಿಸುವುದು ಧರ್ಮ. ಅವರ ಶನಿವಾರ ಶುಕ್ರವಾರ ಹೊತ್ತು ಮುಳುಗಿದಾಗ ಹತ್ತಿ ಮರುಸಂಜೆ ಚಿಕ್ಕೆ ಮೂಡಿದಾಗ ತೀರುತ್ತಿತ್ತು, ಅಷ್ಟು ಹೊತ್ತು ಒಲೆಯನ್ನೂ ಹೊತ್ತಿಸುತ್ತಿರಲಿಲ್ಲ. ಕೊಂಕಣದಲ್ಲಿ ಅವರನ್ನು ಶನಿವಾರದ ತೇಲಿಗಳು ಎನ್ನುತ್ತಿದ್ದರು. ಶಿಗ್ಗಾಂವದಲ್ಲಿ ಶನಿವಾರದ ಗಾಣದವರು ಎಂದರು. ಇಲ್ಲಿಯ ಒಕ್ಕಲುಮಕ್ಕಳು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಾದ್ದರಿಂದ ಊರ ರೀತಿಯೆಂದು ಇಸಾಕನೂ ಸೋಮವಾರ ಗಾಣ ಕಟ್ಟುತ್ತಿರಲಿಲ್ಲ. ಹೀಗಾಗಿ ಅವನ ಎತ್ತಿಗೆ ವಾರಕ್ಕೆರಡು ರಜೆ. "ಮುಂದಿನ ಜನ್ಮಕ್ಕ ಇಸಾಕಪ್ಪನ ಎತ್ತಾಗಿ ಹುಟ್ಟಬೇಕಪಾ" ಎಂದು ಜನ ನಗುತ್ತಿದ್ದರು.

ಮರಿಯಮಬಾಯಿ ಬಂದ ಮನೆ ಮುಸಲ್ಮಾನರ ಓಣಿಯ ತುದಿಯಲ್ಲಿತ್ತು. ಪಕ್ಕದ ಮನೆಯ ರಹಿಮಾಬಿ ಅವಳ ವಾರಿಗೆಯವಳು. ಅವಳ ಬಾಯಲ್ಲಿ ಮರಿಯಮಬಾಯಿ ಎಂಬುದು ವಾರದೊಳಗೆ ಮರಿಯಮಬಿ ಆಯಿತು. ಊರು ಅದನ್ನೇ ಹಿಡಿಯಿತು. ಮರಿಯಮಬಿ ತಿದ್ದಲಿಲ್ಲ. ಕನ್ನಡವನ್ನು ರಹಿಮಾಬಿಯಿಂದ ಕಲಿತಳು, ಬೈಗುಳವನ್ನು ಮೊದಲು ಕಲಿತಳು. ಮಕ್ಕಳಾಗಲಿಲ್ಲ. ಅದಕ್ಕೆ ಅವಳು ಯಾರನ್ನೂ ದೂರಲಿಲ್ಲ. ಹತ್ತಿಮತ್ತೂರಿನ ಕುಸುಬಿ, ಹುಲಗೂರಿನ ಎಳ್ಳು ಕೈಯಲ್ಲಿ ಹಿಡಿದ ಕೂಡಲೆ ಎಷ್ಟು ಒಣಗಿದೆ ಎಂದು ಹೇಳುವಷ್ಟು ಕಸಬು ಅವಳಿಗೆ ಹತ್ತಿತು. ಸವಣೂರು, ಹಿರೇಕೆರೂರಿನ ಸಂತೆಗಳಿಗೆ ಎಣ್ಣೆಯ ಡಬ್ಬಿ ಹೇರಿಕೊಂಡು ಇಸಾಕ ಹೋದಾಗ ಗಾಣ ನಿಲ್ಲುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಶ್ರಾವಣದ ಸುಮಾರಿಗೆ, ಅವಳ ಮನೆಯಲ್ಲಿ ಒಂದು ದುಃಖದ ದಿನ ಬರುತ್ತಿತ್ತು. ಅವರ ಲೆಕ್ಕದಲ್ಲಿ ಆವ್ ಎಂಬ ತಿಂಗಳ ನವಮಿ. ಅದಕ್ಕೆ ಮುಂಚೆ ಕೆಲವು ದಿನ ಮನೆಯಲ್ಲಿ ಕೋಳಿ ಕುರಿ ಇಲ್ಲ. ಹಿಂದಿನ ಸಂಜೆ, ಹೊತ್ತು ಮುಳುಗುವ ಮೊದಲು, ಮೊಳಕೆ ಬರಿಸಿ ಸಿಪ್ಪೆ ಹಿದುಕಿದ ಅವರೆಕಾಳಿನ ಸಾರು ಮತ್ತು ಅನ್ನ. ಆ ಸಾರಿಗೆ ಅವರು ಬಿರಡ ಎನ್ನುತ್ತಿದ್ದರು. ನೆಲದ ಮೇಲೆ ಕೂತು ಬಾಳೆಲೆಯಲ್ಲಿ ಉಣ್ಣಬೇಕು. ಎಲೆ ಎತ್ತಿದ ಮೇಲೆ ಮಾರನೆಯ ದಿನ ಕತ್ತಲಾಗುವ ತನಕ ತುತ್ತಿಲ್ಲ, ಗುಟುಕು ನೀರಿಲ್ಲ, ಸ್ನಾನವಿಲ್ಲ, ಕಾಲಿಗೆ ಚಮ್ಮಾಳಿಗೆ ಇಲ್ಲ. ಎದುರಿಗೆ ಬಂದವರಿಗೆ ನಮಸ್ಕಾರ ಕೂಡ ಹೇಳುವಂತಿಲ್ಲ. ದುಃಖದ ಮನೆಯಲ್ಲಿ ಯಾರು ಯಾರಿಗೆ ಕುಶಲ ಕೇಳುತ್ತಾರೆ? ಇಸಾಕ ಸಣ್ಣ ದೀಪವಿಟ್ಟುಕೊಂಡು ತಮ್ಮ ಧರ್ಮದ ಪುಸ್ತಕದಿಂದ ಶೋಕದ ಪಾಠ ಓದುತ್ತಿದ್ದ. ಮರಿಯಮಬಿಗೆ ಆ ಅಕ್ಷರ ಬಾರದು. ಅವಳು ತವರಿನಲ್ಲಿ ಕಲಿತ ಮರಾಠಿ ಕೀರ್ತನೆಯನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು.

ಮೊದಲ ವರ್ಷ ರಹಿಮಾಬಿ ಗಾಬರಿಯಾಗಿ ಓಡಿ ಬಂದಿದ್ದಳು.

"ಯಾರ ಸತ್ರು? ಪೇಣದಿಂದ ಏನರ ಸುದ್ದಿ ಬಂತೇನು?"

"ಯಾರೂ ಸತ್ತಿಲ್ಲ. ನಮ್ಮ ಗುಡಿ ಸುಟ್ಟ ದಿನಾ ಇದು."

"ಯಾವಾಗ?"

"ಭಾಳ ಹಿಂದ. ಯೆರೂಸಲೇಮದಾಗ ನಮ್ಮ ಅರಸ ಒಂದು ದೊಡ್ಡ ಗುಡಿ ಕಟ್ಟಿದ್ದ. ಬಾಬಿಲೋನದ ಅರಸ ಬಂದು ಸುಟ್ಟ, ಮಂದೀನ ಹಿಡಕೊಂಡು ಹೋದ. ತಿರುಗಿ ಬಂದು ತಿರುಗಿ ಕಟ್ಟಿದ್ರು. ಆಮ್ಯಾಲ ರೋಮದವ್ರು ಬಂದು ಅದನ್ನೂ ಸುಟ್ರು. ಎರಡೂ ಇದ ದಿನಾ ಅಂತ."

"ನೀ ನೋಡೀಯೇನು ಆ ಗುಡಿ?"

"ನಾ ಎಲ್ಲಿ ನೋಡ್ಲಿ? ನಮ್ಮ ಕುಲದವ್ರು ಎರಡನೇ ಸಲ ಸುಡೂದರೊಳಗ ಹಡಗ ಹತ್ತಿ ಬಿಟ್ಟಿದ್ರಂತ. ಸುಟ್ಟ ಸುದ್ದಿನ ಎಷ್ಟೋ ತಲಿಮಾರು ಆದ ಮ್ಯಾಲ ಗೊತ್ತಾತಂತ ನಮ್ಮ ಮುತ್ತಜ್ಜಿ ಹೇಳ್ತಿದ್ಲು."

"ಯಾ ಅಲ್ಲಾ! ನೋಡಲಾರದ ಗುಡಿಗೆ, ಕೇಳಲಾರದ ಬೆಂಕಿಗೆ ಉಪಾಸ!"

"ತಡಾ ಆಗಿ ಗೊತ್ತಾದವ್ರು ಹೆಚ್ಚಿಗಿ ಅಳಬೇಕಾಗತೈತಿ. ಹೋಗು, ಹೊರಗ ನಡೀ, ನೀ ನಗಸ್ತೀ."

ರಹಿಮಾಬಿ ಹೊರಗೆ ನಡೆದಳು. ಆದರೆ ಮರುವರ್ಷದಿಂದ ಅವರೆಕಾಳು ಹಿದುಕಲು ತಾನೇ ಬಂದು ಕೂಡತೊಡಗಿದಳು. ಮೊಹರಮ್ಮಿಗೆ ಎದೆ ಬಡಿದುಕೊಳ್ಳುವವರನ್ನು ಕಂಡ ಓಣಿಗೆ, ಹಳೆಯ ಸಾವಿಗೆ ಹೊಸದಾಗಿ ಅಳುವುದು ತೀರಾ ಅಪರೂಪವೇನೂ ಆಗಿರಲಿಲ್ಲ.

ದಿನ ಎಣಿಸುವ ಕೆಲಸ ಇಸಾಕನದು. ಬೊಂಬಾಯಿಯ ಬಳಗದವರನ್ನು ಕೇಳಿಕೊಂಡು ಹೇಳುತ್ತಿದ್ದ. ಮರಿಯಮಬಿ ತನ್ನ ಸಲುವಾಗಿ ಒಂದು ಸುಲಭದ ಗುರುತು ಇಟ್ಟುಕೊಂಡಿದ್ದಳು. ಬಹಳ ವರ್ಷ ಅವರ ನವಮಿಯೂ ಶ್ರಾವಣದ ನವಮಿಯೂ ಕೂಡಿಯೇ ಬರುತ್ತಿದ್ದವು. ನಾಗರ ಪಂಚಮಿ ಮುಗಿದು, ಹುಡುಗಿಯರ ಜೋಕಾಲಿ ಇನ್ನೂ ಬಿಚ್ಚಿರದ ಹೊತ್ತಿಗೆ ತನ್ನ ದಿನ ಎಂದು ತಿಳಿದಿದ್ದಳು.

ನಲವತ್ತೆರಡನೆಯ ಇಸವಿಯಲ್ಲಿ ಚಳವಳಿ ಬಿರುಸಾಯಿತು. ತಂತಿ ಕತ್ತರಿಸಿದವರನ್ನು ಪೊಲೀಸರು ಊರೂರು ಹುಡುಕುತ್ತಿದ್ದರು. ಅವರಲ್ಲಿ ಒಬ್ಬ ಪೇಟೆಯ ಕಾಳಿನ ಅಂಗಡಿಯ ಪರಮೇಶ್ವರಪ್ಪ, ಆಗ ಇನ್ನೂ ಹರೆಯದವನು. ಒಂದು ಶುಕ್ರವಾರ ಇಳಿಹೊತ್ತಿನಲ್ಲಿ ಹಿರೇಕೆರೂರಿನ ಜೊತೆಗಾರನೊಬ್ಬನನ್ನು ಕರೆದುಕೊಂಡು ಮರಿಯಮಬಿಯ ಹಿತ್ತಲ ಬಾಗಿಲಿಗೆ ಬಂದ. ಇಸಾಕ ಕುಸುಬಿ ತರಲು ಹತ್ತಿಮತ್ತೂರಿಗೆ ಹೋದವನು ಅಲ್ಲೇ ಉಳಿದಿದ್ದ. ಮರಿಯಮಬಿ ಒಂದು ಮಾತನ್ನೂ ಕೇಳದೆ ಇಬ್ಬರನ್ನೂ ಗಾಣದ ಕೋಣೆಗೆ ತಳ್ಳಿ, ಹಿಂಡಿಯ ಚೀಲಗಳ ಹಿಂದೆ ಕೂರಿಸಿ, ನೀರಿನ ಕೊಡ ಒಳಗಿಟ್ಟು, ಹೊತ್ತು ಮುಳುಗುವ ಮುಂಚೆ ಬೀಗ ಹಾಕಿದಳು.

ಮರುದಿನ ಪೊಲೀಸರು ಬಂದರು. ಓಣಿಯ ಮನೆ ಮನೆ ಜಾಲಾಡಿದರು. ರಹಿಮಾಬಿಯ ಕೋಳಿಯ ಬುಟ್ಟಿಯನ್ನೂ ಮಗುಚಿ ನೋಡಿದರು. ಗಾಣದ ಕೋಣೆಯ ಮುಂದೆ ನಿಂತು ಜಮಾದಾರ ಬೀಗ ನೋಡಿದ, ಮರಿಯಮಬಿಯ ಮುಖ ನೋಡಿದ.

"ಇವತ್ತ ಶನಿವಾರ ಹೌದಲ್ಲ? ನಿಮ್ಮ ಗಾಣ ತಗ್ಯಾಂಗಿಲ್ಲಲ್ಲ?"

"ನಮ್ಮ ಮಾವನ ಕಾಲದಿಂದ ತಗದಿಲ್ಲರಿ."

ಆ ಕೋಣೆ ಶನಿವಾರ ತೆರೆಯುವುದಿಲ್ಲ ಎಂದು ಜಮಾದಾರನಿಗೆ ಎಷ್ಟು ಖಾತ್ರಿಯಾಗಿ ಗೊತ್ತಿತ್ತೆಂದರೆ, ಅದರೊಳಗೆ ಯಾರಾದರೂ ಹೊಕ್ಕಿರಬಹುದೆಂದು ಅವನಿಗೆ ತೋಚಲೇ ಇಲ್ಲ. ಮುಂದಿನ ಮನೆಗೆ ನಡೆದ. ಸಂಜೆ ಚಿಕ್ಕೆ ಮೂಡಿದ ಮೇಲೆ ಮರಿಯಮಬಿ ಬೀಗ ತೆಗೆದಾಗ ಇಬ್ಬರೂ ಮೈತುಂಬ ಹಿಂಡಿಯ ಪುಡಿ ಹತ್ತಿಸಿಕೊಂಡು ಹೊರಬಂದರು. "ಅಕ್ಕಾ, ಹಿಂಡಿ ತಿಂದ ತಿಂದ ನಾನೂ ಎತ್ತ ಆಗೇನಿ ನೋಡು" ಎಂದು ಪರಮೇಶ್ವರಪ್ಪ ನಕ್ಕ. ಅಂದಿನಿಂದ ಅವನಿಗೆ ಅವಳು ಮರಿಯಮಕ್ಕ.

ನಲವತ್ತಾರರ ಚಳಿಗಾಲದಲ್ಲಿ ಇಸಾಕ ತೀರಿಕೊಂಡ. ಮರುವರ್ಷ ಬೊಂಬಾಯಿಯಲ್ಲಿದ್ದ ಮರಿಯಮಬಿಯ ತಮ್ಮ ಬಂದು ಅಕ್ಕನನ್ನು ಕರೆದುಕೊಂಡು ಹೋದ. ಆ ವರ್ಷದ ದುಃಖದ ದಿನವನ್ನು ಮರಿಯಮಬಿ ಅಲ್ಲಿ ತಮ್ಮವರ ಪ್ರಾರ್ಥನಾ ಮಂದಿರದಲ್ಲಿ ಕಳೆದಳು. ಧರ್ಮಗ್ರಂಥದ ಪೆಟ್ಟಿಗೆಯ ಮುಂದಿನ ಜರತಾರಿ ಪರದೆ ತೆಗೆದಿದ್ದರು. ಬೆಂಚುಗಳನ್ನು ಬಿಟ್ಟು ಎಲ್ಲರೂ ನೆಲಕ್ಕೆ ಕೂತಿದ್ದರು. ವಿದ್ಯುತ್ತಿನ ದೀಪ ಆರಿಸಿ ಮೇಣದ ಬತ್ತಿ ಹಚ್ಚಿದ್ದರು. ಅಷ್ಟು ಮಂದಿ ಕೂಡಿ ಒಂದೇ ಧಾಟಿಯಲ್ಲಿ ಶೋಕ ಓದುವುದನ್ನು ಅವಳು ಮದುವೆಯಾದ ಮೇಲೆ ಕೇಳಿರಲಿಲ್ಲ. ತಮ್ಮ ಇಲ್ಲಿಯೇ ಇರು ಎಂದ. ಅಲ್ಲಿ ಅಳುವುದಕ್ಕೆ ಜೊತೆ ಇತ್ತು, ಮಾಡುವುದಕ್ಕೆ ಕೆಲಸವಿರಲಿಲ್ಲ. ಮಳೆಗಾಲ ಮುಗಿದೊಡನೆ ಶಿಗ್ಗಾಂವಕ್ಕೆ ಬಂದು ಗಾಣ ಕಟ್ಟಿದಳು.

ನಲವತ್ತೆಂಟರ ಶ್ರಾವಣ. ಸ್ವಾತಂತ್ರ್ಯ ಬಂದು ವರ್ಷ ತುಂಬುವುದರಲ್ಲಿತ್ತು. ಊರ ಕಮಿಟಿಗೆ ಪರಮೇಶ್ವರಪ್ಪನೇ ಮುಖ್ಯಸ್ಥ. ಆಗಸ್ಟ್ ಹದಿನೈದರಂದು ಚಾವಡಿಯ ಕಟ್ಟೆಯ ಸುತ್ತ ಹಣತೆಗಳ ಸಾಲು, ನಡುವೆ ಆಳೆತ್ತರದ ಒಂದು ದೀಪಗಂಬ ಎಂದು ಗೊತ್ತಾಯಿತು. ಭಾಷಣಕ್ಕೆ ಹುಬ್ಬಳ್ಳಿಯಿಂದ ಸರಕಾರಿ ಸಾಹೇಬರೊಬ್ಬರು ಬರುವವರಿದ್ದರು. ಗಂಬದ ದೀಪವನ್ನು ಮರಿಯಮಕ್ಕನೇ ಹಚ್ಚಬೇಕು, ಅವಳಿಗೆ ಶಾಲು ಹೊದಿಸಬೇಕು ಎಂದು ಅವನು ಹಟ ಹಿಡಿದ. ಪಂಚಮಿಯ ಮರುದಿನ ಬಂದು ಕೇಳಿದ. ಮರಿಯಮಬಿ ಬೆರಳು ಮಡಿಚಿ ಎಣಿಸಿದಳು. ತನ್ನ ನವಮಿ ಹದಿನಾಲ್ಕಕ್ಕೆ ಬರುತ್ತಿತ್ತು. ಹದಿನೈದು ಖುಲ್ಲಾ.

"ಆತು. ಎಣ್ಣಿನೂ ನಂದ, ದೀಪಾನೂ ನಾನ ಹಚ್ಚತೇನಿ. ಮಾತ ಕೊಟ್ಟೇನಿ ಹೋಗು."

ಕಮಿಟಿಯ ಕಾರ್ಯದರ್ಶಿ ಗಿರಿಯಪ್ಪ, ದಲಾಲರ ಮನೆಯ ಹುಡುಗ, ಬಿಸಿರಕ್ತದವನು. ಅವನಿಗೆ ಇದು ಮೊದಲಿನಿಂದಲೂ ಸರಿ ಬಂದಿರಲಿಲ್ಲ. ದಿನಗಳೂ ಹಾಗೇ ಇದ್ದವು. ನಿಜಾಮನ ಸೀಮೆಯ ಗಡಿಯಿಂದ ರಜಾಕಾರರ ಸುದ್ದಿ ದಿನಾ ಬರುತ್ತಿತ್ತು. ಸವಣೂರ ಸಂಸ್ಥಾನ ಬೊಂಬಾಯಿ ಇಲಾಖೆಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಹೆಸರಿನ ಕೊನೆಗೆ 'ಬಿ' ಎಂದು ಬಂದರೆ ಸಾಕು, ಕೆಲವರ ಹುಬ್ಬು ಏರುತ್ತಿದ್ದವು. ರಹಿಮಾಬಿಯ ಓಣಿಯವರು ಸಂಜೆ ಬೇಗ ಕದ ಹಾಕಿಕೊಳ್ಳುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಮರಿಯಮಬಿ ಮತ್ತು ರಹಿಮಾಬಿ ಪಡಸಾಲೆಯಲ್ಲಿ ಕೂತು ಮೊಳೆತ ಅವರೆಕಾಳು ಹಿದುಕುತ್ತಿದ್ದರು. ದೀಪದ ಎಣ್ಣೆ ಆಗಲೇ ಚಾವಡಿಗೆ ಹೋಗಿತ್ತು.

"ನಾಳೆ ಉಪಾಸ, ನಾಡದ ಶಾಲು," ಎಂದಳು ರಹಿಮಾಬಿ. "ಮಜಾ ಐತಿ ನಿಂದು. ಹಸದ ಹೊಟ್ಟಿಗೆ ಶಾಲು ಭಾಳ ಬೆಚ್ಚಗ ಹತ್ತತೈತಿ."

ಮರಿಯಮಬಿ ನಗಲಿಲ್ಲ. ಅವಳ ಬೆರಳು ಕಾಳಿನ ಮೇಲೆಯೇ ನಿಂತಿತ್ತು.

"ರಹಿಮಾ, ನಾಳೆ ಶನಿವಾರ."

"ಶುಕ್ರವಾರದ ಮರುದಿನಾ ಮತ್ತೇನಾಗತೈತಿ?"

"ಶನಿವಾರ ನಮ್ಮಲ್ಲಿ ದುಃಖ ಮಾಡಾಂಗಿಲ್ಲ."

ಎಲ್ಲವೂ ಒಟ್ಟಿಗೆ ನೆನಪಾಯಿತು. ಹಿಂದೊಂದು ವರ್ಷ ನವಮಿ ಶನಿವಾರವೇ ಬಂದಿತ್ತು. ತಾನು ಉಪವಾಸವೆಂದು ಒಲೆಯ ಮೇಲಿನ ಬೆಚ್ಚಗಿನ ಗಡಿಗೆ ಇಳಿಸದೆ ಕೂತಾಗ ಇಸಾಕ ಎಲೆ ಹಾಕಿಕೊಂಡು ಕೂತು, "ಬಡಸ. ಶನಿವಾರ ದೇವರ ವಿಶ್ರಾಂತಿ ದಿನಾ, ಅವತ್ತ ದುಃಖಕ್ಕ ಒಳಗ ಜಾಗಾ ಇಲ್ಲ. ಅದು ಹೊರಗ ಕುಂತು ಕಾಯಬೇಕು, ಐತವಾರ ಒಳಗ ಬರಬೇಕು" ಎಂದಿದ್ದ. ಹೋದ ವರ್ಷ ಬೊಂಬಾಯಿಯಲ್ಲಿಯೂ ಅಷ್ಟೇ, ಶನಿವಾರ ಮುಳುಗಿದ ಮೇಲೆಯೇ ನೆಲಕ್ಕೆ ಕೂತದ್ದು. ಎಣಿಸುವವನು ಇದ್ದಾಗ ಕೇಳಿದ್ದು ಎಣಿಸುವ ಹೊತ್ತಿಗೆ ನೆನಪಾಗಿರಲಿಲ್ಲ.

"ಅಂದ್ರ ಉಪಾಸ..."

"ಐತವಾರ. ಹದಿನೈದಕ್ಕ."

ರಹಿಮಾಬಿಯ ಮುಖ ಇಳಿಯಿತು. "ಮರಿಯಮಾ, ತಿಳದ ನೋಡು. ಊರೆಲ್ಲಾ ಕುಣ್ಯಾಕತ್ತಾಗ ನೀ ನೆಲಕ್ಕ ಕುಂತು ಅತ್ತರ ಏನಂತಾರ? ನಿನಗಷ್ಟ ಅಲ್ಲ, ನಮ್ಮ ಓಣಿಗೇ ಅಂತಾರ. ನನ್ನ ಮಕ್ಕಳು ಪ್ಯಾಟಿಗೆ ಹೋಗಬೇಕು ಬರಬೇಕು. ಒಂದ ವರ್ಷ ಬಿಟ್ರ ನಿನ್ನ ದೇವರು ಸಿಟ್ಟಾಗ್ತಾನೇನು?"

"ಆಗಾಂಗಿಲ್ಲ ಅನಸತೈತಿ. ಆದ್ರ ಈ ನಾಕು ತಾಲೂಕಿನಾಗ ಈ ದಿನಾ ಹಿಡಿಯಾಕಿ ನಾ ಒಬ್ಬಾಕಿ. ನಾ ಬಿಟ್ರ ಇಲ್ಲಿ ಬಿಟ್ಟಂಗ."

ಅವಳು ಕೈ ತೊಳೆದು ಎದ್ದಳು. ಹೊತ್ತು ಮುಳುಗುವುದರೊಳಗೆ ಬಿರಡ ಬೇಯಿಸಿ ಕೆಂಡದ ಮೇಲೆ ಮುಚ್ಚಿಡಬೇಕು, ಮನೆಯಲ್ಲಿರಬೇಕು. ಆದರೆ ಕೊಟ್ಟ ಮಾತಿನ ವಿಷಯ ಅದಕ್ಕೂ ಮೊದಲು. ಕಾಳನ್ನು ರಹಿಮಾಬಿಗೆ ಒಪ್ಪಿಸಿ ಚಾವಡಿಗೆ ನಡೆದಳು.

ಪರಮೇಶ್ವರಪ್ಪ, ಗಿರಿಯಪ್ಪ ಇಬ್ಬರೂ ಹಣತೆ ಜೋಡಿಸುತ್ತಿದ್ದರು. ಅವಳು ಅಡ್ಡಮಾತು ಇಲ್ಲದೆ ಹೇಳಿದಳು. ಪರಮೇಶ್ವರಪ್ಪ ಕೈಯಲ್ಲಿದ್ದ ಹಣತೆ ಕೆಳಗಿಟ್ಟ. ಗಿರಿಯಪ್ಪ ದನಿ ಏರಿಸಿದ.

"ಭಾಳ ಚಂದ ಆತು! ದೇಶಕ್ಕ ದೇಶಾನ ಹಬ್ಬಾ ಮಾಡೂ ದಿನಾ ಇವ್ರ ಮನ್ಯಾಗ ಸೂತಕ. ನಾ ಮೊದಲ ಹೇಳಿದ್ನಿಲ್ರಿ ಪರಮೇಶಣ್ಣಾ?"

"ನಿಮ್ಮ ಹಬ್ಬಕ್ಕ ಅಳಾಂಗಿಲ್ಲೋ ತಮ್ಮಾ. ನಮ್ಮ ಗುಡಿಗೆ ಅಳೂದು."

"ನಿಮ್ಮ ಮಂದಿಗೆ ಈಗ ರಾಜ್ಯಾನ ಸಿಕ್ಕೈತಂತಲ್ಲ, ಪೇಪರಿನ್ಯಾಗ ಬಂದಿತ್ತು. ಇನ್ನ್ಯಾಕ ಅಳೂದು?"

"ಸಿಕ್ಕಿದ್ರ ಸಿಕ್ಕೀತು. ಸುಟ್ಟ ಗುಡಿ ಎದ್ದಿಲ್ಲಲ್ಲ. ನೀವು ದೀಪಾವಳಿಗೆ ಹಿರೇರಿಗೆ ಎಡಿ ಇಡ್ತೀರಿಲ್ಲೋ? ಅವತ್ತ ಪಟಾಕಿನೂ ಹಾರಸ್ತೀರಿ, ಸತ್ತವ್ರನ್ನೂ ನೆನಸ್ತೀರಿ. ಯಾರರ ಬ್ಯಾಡ ಅಂದಾರೇನು?"

ಪರಮೇಶ್ವರಪ್ಪ ಅವಳನ್ನು ಬದಿಗೆ ಕರೆದ. "ಅಕ್ಕಾ, ಒಂದ ಮಾತ. ಜ್ವರ ಬಂದೈತಿ ಅಂತ ಹೇಳಿ ಬಿಡ್ತೇನಿ. ನೀ ಮನ್ಯಾಗ ನಿನ್ನ ಪಾಡಿಗೆ ಇರು. ಯಾರೂ ಏನೂ ಅನ್ನಾಂಗಿಲ್ಲ."

"ಬರಲಾರದ ಜ್ವರ ಯಾಕ ತರಸ್ತೀ ಪರಮೇಶಿ? ಅವತ್ತ ಶನಿವಾರದ ಬೀಗಾ ಒಮ್ಮೆ ತಗೀತಿದ್ವಿ, ಒಮ್ಮೆ ಬಿಡ್ತಿದ್ವಿ ಅಂದ್ರ ಜಮಾದಾರ ನಂಬ್ತಿದ್ದನೇನು? ನಮ್ಮ ಮಾವ ಮುರೀಲಿಲ್ಲ, ನನ್ನ ಗಂಡ ಮುರೀಲಿಲ್ಲ, ಅದಕ ನೀ ಉಳದಿ. ಇದೂ ಅಂಥಾದ ಒಂದು ದಿನಾ. ನೀ ಮುರಿ ಅಂದ್ರ ಹ್ಯಾಂಗ?"

ಅವನು ದೀಪಗಂಬದತ್ತ ನೋಡಿದ. "ಹಂಗಾರ ಕೊಟ್ಟ ಮಾತು?" ಎಂದ.

"ಮಾತೂ ಮುರಿಯಾಂಗಿಲ್ಲ. ಕತ್ತಲಾದ ಮ್ಯಾಲ ನನ್ನ ದಿನಾ ತೀರತೈತಿ. ಆವಾಗ ಬಂದ ಹಚ್ಚತೇನಿ. ಅದರೊಳಗ ಶಾಲು ಬ್ಯಾಡ, ಹಾರಾ ಬ್ಯಾಡ, ಖುರ್ಚಿ ಬ್ಯಾಡ."

"ಸಾಹೇಬ್ರು ಆರಕ್ಕ ಹಚ್ಚಿ ಹುಬ್ಬಳ್ಳಿಗೆ ಹೋಗೂರು ಅದಾರ!" ಎಂದು ಗಿರಿಯಪ್ಪ ಕೂಗಿದ.

"ಸಾಹೇಬ್ರು ಸುತ್ತಿಂದು ಹಚ್ಚಲಿ," ಎಂದ ಪರಮೇಶ್ವರಪ್ಪ. "ಗಂಬದ್ದು ಹಂಗ ಇರಲಿ."

ಶನಿವಾರ ಸಂಜೆ ಮರಿಯಮಬಿ ನೆಲಕ್ಕೆ ಕೂತು ಬಾಳೆಲೆಯಲ್ಲಿ ಬಿರಡ ಉಂಡಳು. ಹೊತ್ತು ಮುಳುಗಿದ ಮೇಲೆ ಹಳೆಯ ಸೀರೆ ಉಟ್ಟು ಗೋಡೆಗೆ ಆತು ಕೂತು, ಬಾಯಿಗೆ ಬಂದಷ್ಟು ಕೀರ್ತನೆ ಹೇಳಿಕೊಂಡಳು. ಬೊಂಬಾಯಿಯಲ್ಲಿ ಇದೇ ಹೊತ್ತಿಗೆ ಪರದೆ ತೆಗೆಯುತ್ತಿರಬೇಕು ಎಂದುಕೊಂಡಳು. ಇಸಾಕನ ಪುಸ್ತಕವನ್ನು ಓದಲು ಬಾರದಿದ್ದರೂ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ರವಿವಾರ ನಸುಕಿಗೆ ಪ್ರಭಾತಫೇರಿ ಓಣಿಗುಂಟ ಬಂತು. ಮಕ್ಕಳ ಕೈಯಲ್ಲಿ ಕಾಗದದ ಧ್ವಜ. ಹೊಸ್ತಿಲ ಒಳಗೆ ನೆಲದ ಮೇಲೆ ಕೂತಿದ್ದ ಅವಳನ್ನು ಕಂಡು ಒಂದಿಬ್ಬರು, "ಜೈ ಹಿಂದ್ ಮರಿಯಮವ್ವಾ!" ಎಂದರು. ಅವಳು ಕತ್ತೆತ್ತಿ ನೋಡಿದಳು, ತುಟಿ ತೆರೆಯಲಿಲ್ಲ. ಅವರು ಮತ್ತೊಮ್ಮೆ ಅಂದರು. ಅವಳು ಮತ್ತೆಯೂ ಸುಮ್ಮನಿದ್ದಳು.

"ನೋಡಿದ್ರಿಲ್ಲೋ?" ಎಂದು ಗಿರಿಯಪ್ಪ ಹಿಂದಿನವರಿಗೆ ಅಂದದ್ದು ಅವಳ ಕಿವಿಗೂ ಬಿತ್ತು. "ಜೈ ಹಿಂದ್ ಅನ್ನಾಕ ಬಾಯಿ ಇಲ್ಲ!"

ಮಧ್ಯಾಹ್ನದೊಳಗೆ ಆ ಮಾತು ಪೇಟೆ ಮುಟ್ಟಿ, ಪೇಟೆಯಿಂದ ದೊಡ್ಡದಾಗಿ ಓಣಿಗೆ ತಿರುಗಿ ಬಂತು. ರಹಿಮಾಬಿಯ ಮಗನನ್ನು ಚಹಾದ ಅಂಗಡಿಯಲ್ಲಿ ಯಾರೋ ಕೆಣಕಿದ್ದರು. ರಹಿಮಾಬಿ ಬಂದು ಹೊಸ್ತಿಲ ಮೇಲೆ ಕೂತಳು. ಬೈಯಲು ಬಂದವಳು ಗೆಳತಿಯ ಒಣಗಿದ ತುಟಿ ನೋಡಿ ಬೇಸರದಿಂದ, "ಸಂಜೀಕ ಹೋಗತೀಯಿಲ್ಲೋ ಮತ್ತ? ಅದನ್ನರ ಬಿಡಬ್ಯಾಡ" ಎಂದಳು.

"ಹೋಗತೇನಿ."

ಇಳಿಹೊತ್ತಿಗೆ ಮರಿಯಮಬಿ ಎದ್ದಳು. ತಲೆ ಸುತ್ತು ಬಂತು, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸೆರಗಿನ ತುದಿಗೆ ಒಂದು ಹಿಡಿ ಎಳ್ಳು ಗಂಟು ಹಾಕಿಕೊಂಡಳು, ಬಿಳಿಯದೂ ಕರಿಯದೂ ಕೂಡಿಸಿ. ಶ್ರಾವಣದ ಮೋಡದಲ್ಲಿ ಚಿಕ್ಕೆ ಕಾಣದ ಸಂಜೆಗಳಿಗೆ ಈ ಮನೆತನದವರು ಮಾಡಿಕೊಂಡ ಉಪಾಯ ಅದು. ಅಂಗೈಯಲ್ಲಿ ಹರವಿಕೊಂಡಾಗ ಬಿಳಿ ಯಾವುದು, ಕರಿ ಯಾವುದು ಎಂದು ಕಣ್ಣಿಗೆ ತಿಳಿಯದಂತಾದರೆ ರಾತ್ರಿ ಆದಂತೆ.

ಚಪ್ಪಲಿ ಬಿಟ್ಟು, ಕೆಸರಿನಲ್ಲಿ ಬರಿಗಾಲಲ್ಲಿ ಚಾವಡಿಗೆ ಬಂದಳು. ಸಾಹೇಬರು ಸುತ್ತಲಿನ ಹಣತೆ ಹಚ್ಚಿ, ಭಾಷಣ ಮಾಡಿ, ಹೊರಟುಹೋಗಿದ್ದರು. ಬೆಳಕಿನ ಬಳೆಯ ನಡುವೆ ದೀಪಗಂಬ ಒಂದೇ ತಣ್ಣಗೆ ನಿಂತಿತ್ತು. ಜನ ಚದುರಿರಲಿಲ್ಲ. ಮುದುಕಿ ಬರುತ್ತಾಳೋ ಇಲ್ಲವೋ ಎಂದು ನೋಡುವುದಕ್ಕೇ ಬಹಳ ಮಂದಿ ನಿಂತಿದ್ದರು. ಅವಳು ಬಂದಾಗ ಗದ್ದಲ ಇಳಿಯಿತು. ಪರಮೇಶ್ವರಪ್ಪ ಖುರ್ಚಿ ಸರಿಸಹೋಗಿ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಕಟ್ಟೆಯ ಕೆಳಗೆ, ದೀಪಗಳಿಗೆ ಬೆನ್ನು ಮಾಡಿ, ಒದ್ದೆ ನೆಲಕ್ಕೆ ಕೂತಳು.

"ಇನ್ನ ಯಾವಾಗ?" ಎಂದ ಗಿರಿಯಪ್ಪ. "ಚಿಕ್ಕಿ ಮೂಡಬೇಕಂತಲ್ಲ. ಈ ಮೋಡದಾಗ ದಸರಾಕ್ಕ ಮೂಡ್ತಾವ."

ಮರಿಯಮಬಿ ಗಂಟು ಬಿಚ್ಚಿ ಅಂಗೈ ಚಾಚಿದಳು. "ನನ್ನ ಕಣ್ಣ ಮುದಿ ಆಗ್ಯಾವ, ಬ್ಯಾಗ ಕತ್ತಲಾತು ಅಂತಾವ. ನಿನ್ನ ಕಣ್ಣ ಎಳೇವು. ಬಾ, ಇಲ್ಲಿ ಕುಂದ್ರು. ಇದರಾಗ ಬಿಳಿ ಎಳ್ಳು ಯಾವುದು, ಕರಿ ಎಳ್ಳು ಯಾವುದು ಹೇಳು. ನೀ ತಿಳ್ಯಾಂಗಿಲ್ಲ ಅಂದಾಗ ಏಳತೇನಿ."

ಜನ ನಕ್ಕರು. ಗಿರಿಯಪ್ಪನಿಗೆ ಕೂರದೆ ವಿಧಿಯಿರಲಿಲ್ಲ. ಬಗ್ಗಿ ನೋಡಿದ. ಈಗಲೇ ತಿಳಿಯುವುದಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮನೆಯಲ್ಲಿ ಊಟ ಕಾದಿತ್ತು, ಹನಿ ಮಳೆ ಶುರುವಾಗಿತ್ತು. ಅವನು ಮತ್ತೊಮ್ಮೆ ನೋಡಿದ.

"ಇನ್ನೂ ತಿಳೀತೈತಿ," ಎಂದ. ದನಿ ಸ್ವಲ್ಪ ಇಳಿದಿತ್ತು.

"ಹಂಗಾರ ಕಾಯೂಣು."

ಕಾದರು. ಯಾರೋ ಕಂಬಳಿಯ ಕೊಪ್ಪೆ ಹಾಕಿಕೊಂಡರು. ಹಿಂದೆ ನಿಂತ ಮುದಕವ್ವ ಎಂಬ ಹೂವಿನವಳು, "ಏ ಗಿರ್ಯಾ, ಅಡತಿ ಅಂಗಡ್ಯಾಗ ಕಾಳು ನೋಡಿದಂಗ ನೋಡಬ್ಯಾಡ, ಖರೇ ಹೇಳು" ಎಂದಾಗ ಮತ್ತೆ ನಗೆ. ಗಿರಿಯಪ್ಪ ಇನ್ನಷ್ಟು ಬಗ್ಗಿದ. ಅವನ ಮೂಗು ಮುದುಕಿಯ ಅಂಗೈಗೆ ತಾಕುವಷ್ಟು ಹತ್ತಿರ ಬಂದಿತ್ತು. ಆ ಅಂಗೈಯಿಂದ ಒಂದು ಎಳ್ಳೂ ಚೆಲ್ಲಿರಲಿಲ್ಲ.

"ಯವ್ವಾ," ಎಂದ ಕಡೆಗೆ. "ಮುಂಜಾನೆ ಜೈ ಹಿಂದ್ ಯಾಕ ಅನ್ನಲಿಲ್ಲ?"

"ಇವತ್ತ ನಾ ಯಾರಿಗೂ ಶರಣು ಅನ್ನಾಂಗಿಲ್ಲೋ. ರಹಿಮಾಗೂ ಅಂದಿಲ್ಲ, ನನ್ನ ಎತ್ತಿನ ಕುತ್ತಿಗಿ ತುರಸಿಲ್ಲ. ಕತ್ತಲಾಗಲಿ, ಅಂತೇನಿ."

ಗಿರಿಯಪ್ಪ ಇನ್ನೊಮ್ಮೆ ಬಗ್ಗಿದ. ಕಣ್ಣುಜ್ಜಿಕೊಂಡ. ಬೆರಳಿನಿಂದ ಕಾಳು ಸರಿಸಿ ನೋಡಿದ.

"ಈಗ ತಿಳ್ಯಾಂಗಿಲ್ಲ," ಎಂದ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಕತ್ತಲಾತ್ರೀ!" ಎಂದು ಕೂಗಿದ.

ಮರಿಯಮಬಿ ನೆಲಕ್ಕೆ ಕೈಯೂರಿ ಎದ್ದಳು. ಒಂದು ಹಣತೆ ಎತ್ತಿಕೊಂಡು ಗಂಬದ ದೀಪಕ್ಕೆ ಹಿಡಿದಳು. ಒದ್ದೆಯಾದ ಬತ್ತಿ ಮೊದಲು ಚಟಚಟ ಅಂದಿತು, ಆಮೇಲೆ ಅವಳದೇ ಕುಸುಬಿ ಎಣ್ಣೆ ಹೀರಿಕೊಂಡು ನೆಟ್ಟಗೆ ಉರಿಯಿತು. ಅವಳು ಜನರ ಕಡೆ ತಿರುಗಿ, ಗಂಟಲು ಒಣಗಿದ್ದರಿಂದ ಸಣ್ಣ ದನಿಯಲ್ಲಿ, "ಜೈ ಹಿಂದ್" ಎಂದಳು. ಉತ್ತರ ಜೋರಾಗಿಯೇ ಬಂತು. ಓಣಿಯ ಗಂಡಸರ ಗುಂಪಿನಿಂದಲೂ ಬಂತು. ಪರಮೇಶ್ವರಪ್ಪ ಶಾಲು ಹೊದಿಸಿದ. ಈಗ ಅವಳು ಬೇಡ ಎನ್ನಲಿಲ್ಲ.

ಎರಡು ಹೆಜ್ಜೆ ಇಟ್ಟವಳು ಕಟ್ಟೆಯ ಅಂಚು ಹಿಡಿದು ನಿಂತಳು. ಪರಮೇಶ್ವರಪ್ಪ ತೋಳು ಹಿಡಿಯಬಂದ. ಹಾಲು ತರಲು ಒಬ್ಬರು ಓಡಿದರು. ಗಿರಿಯಪ್ಪ ತನ್ನ ಚಕ್ಕಡಿಯನ್ನು ಕಟ್ಟೆಯ ಹತ್ತಿರಕ್ಕೇ ಹೊಡೆದುಕೊಂಡು ಬಂದು, "ಹತ್ತಬೇ, ಮನೀಗೆ ಬಿಟ್ಟು ಬರ್ತೇನಿ. ಕೆಸರದಾಗ ಬರಿಗಾಲಿಲೆ ಹೋಗಬ್ಯಾಡ" ಎಂದ.

ಮರಿಯಮಬಿ ನೊಗದ ಕೆಳಗೆ ಕೈ ಹಾಕಿ ಎತ್ತಿನ ಹೆಗಲನ್ನು ಮುಟ್ಟಿ ನೋಡಿದಳು. ಮುಂಜಾನೆಯಿಂದ ಮೆರವಣಿಗೆಗೆ ಎಳೆದ ಎತ್ತು, ಹೆಗಲು ಬಿಸಿಯಾಗಿತ್ತು.

"ಬ್ಯಾಡ ತಮ್ಮಾ. ಗ್ವಾಡಿ ಹಿಡಕೊಂಡಾದ್ರೂ ಮನಿ ಮುಟ್ಟೇನು. ಉಪಾಸ ನಾ ಹಿಡದದ್ದು, ಅದನ್ನ ನನ್ನ ಮನ್ಯಾಗ, ನನ್ನ ಗಡಿಗಿ ನೀರಿಲೆ ನಾನ ಬಿಡ್ತೇನಿ. ಹಾಲು ಮಕ್ಕಳಿಗೆ ಕೊಡ್ರಿ. ಕೈ ಬಿಡೋ ಪರಮೇಶಿ. ಈ ಎತ್ತಿಗೆ ನಾಳೆ ಸೋಮವಾರ ರಜಾ ಐತಿ, ಇವತ್ತೂ ಸಾಕು, ಕೊಳ್ಳ ಹರದು ನೊಗಾ ಇಳಸ್ರಿ. ಬರಿಗಾಲಿಲೆ ಬಂದೇನಿ, ಬರಿಗಾಲಿಲೆ ಹೋಗ್ತೇನಿ."